ಕಿಡ್ನಿಗೆ ಪತ್ತನಾಜೆಯಿಲ್ಲ

ಸೋದರಮಾವನೆಂಬವನು ಕಾನೂನಿನ ಕಣ್ಣಿಗೆ ಹತ್ತಿರದ ಸಂಬಂಧಿಯೇ ಅಲ್ಲ ಎಂಬುದು ನನಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ, ಮೂತ್ರ ಪರೀಕ್ಷೆಯ ಬಾಟಲಿ ಹಿಡಿದು ನಿಂತಿದ್ದಾಗ ತಿಳಿಯಿತು. ಅಲ್ಲಿಯವರೆಗೆ ನಾನು ಸೋದರಮಾವನೆಂದರೆ ಭೂಮಿಯನ್ನು ಹೊತ್ತ ಕಂಬಗಳಲ್ಲೊಂದು ಎಂದೇ ನಂಬಿದ್ದೆ. ನಮ್ಮದು ಅಳಿಯಕಟ್ಟಿನ ಕುಟುಂಬ. ಬಳಿ ಎಂಬ ಗೋತ್ರ, ಕುಟುಂಬದ ಮನೆ, ದೈವದ ಸೇವೆ ಎಲ್ಲವೂ ತಾಯಿಯ ಕಡೆಯಿಂದ ಬರುವಂಥದ್ದು. ಅಪ್ಪ ಮನೆಯಲ್ಲಿ ಗೌರವಾನ್ವಿತ ಅತಿಥಿ; ಯಜಮಾನಿಕೆ ಅಮ್ಮನ ಅಣ್ಣತಮ್ಮಂದಿರದ್ದು. ಮದುವೆಯಲ್ಲಿ ಮೊದಲ ವೀಳ್ಯ ಮಾವನಿಗೆ, ಊಟದಲ್ಲಿ ಮೊದಲ ಎಲೆ ಮಾವನಿಗೆ, ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಒಂದೇ ಒಂದು ಮರದ ಕುರ್ಚಿಯಿದ್ದರೆ ಅದೂ ಮಾವನಿಗೆ.

ತಂಗಿಯ ಮಗಳಿಗೆ ಕಿಡ್ನಿ ಕೊಡುತ್ತೇನೆಂದು ಹೋದಾಗ ಆಸ್ಪತ್ರೆಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಹುಡುಗಿ ಒಂದು ಹಾಳೆ ಹಿಡಿದು ಓದಿದಳು. "ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಅಣ್ಣ, ತಮ್ಮ, ಅಕ್ಕ, ತಂಗಿ, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಮಾವ ಇಲ್ಲ ಸರ್."

"ಸರಿಯಾಗಿ ನೋಡಿ. ಕೆಳಗೆಲ್ಲಾದರೂ ಇರಬಹುದು."

"ಕೆಳಗೆ ಸಹಿ ಮಾಡುವ ಜಾಗ ಉಂಟು ಸರ್. ಮಾವ ಇಲ್ಲ."

ಪಟ್ಟಿಯಲ್ಲಿ ಇಲ್ಲದವರು ಕೊಡಲೇಬಾರದೆಂದಿಲ್ಲ. ಆದರೆ ಒಂದು ಸಮಿತಿಯ ಎದುರು ನಿಂತು, ಸಂಬಂಧ ಯಾವುದು, ಪ್ರೀತಿ ಎಲ್ಲಿಂದ, ದುಡ್ಡಿನ ವ್ಯವಹಾರ ಇಲ್ಲ ತಾನೆ ಎಂಬುದಕ್ಕೆ ಕಾಗದ ಒದಗಿಸಬೇಕು. ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಬಡವನ ಹೊಟ್ಟೆಯಿಂದ ಕಿಡ್ನಿ ಕಿತ್ತು ಹಣವಂತನ ಹೊಟ್ಟೆಯೊಳಗಿಡುವ ವ್ಯಾಪಾರ ನಡೆಯದಿರಲೆಂದು ಹಾಕಿದ ಬೇಲಿ ಅದು, ಇರಬೇಕಾದದ್ದೇ. ನನ್ನ ಸಿಟ್ಟೆಲ್ಲ ಬೇಲಿಯ ಈಚೆ ಬದಿಯವರ ಮೇಲೆ. ಅವರಲ್ಲಿ ನಾನೂ ಒಬ್ಬ, ಅದನ್ನು ಮುಂದೆ ಹೇಳುತ್ತೇನೆ.

ನನ್ನ ತಂಗಿಯ ಮಗಳು ಮಡಂತ್ಯಾರಿನಲ್ಲಿ ಜೆರಾಕ್ಸ್ ಮತ್ತು ಡಿಟಿಪಿಯ ಅಂಗಡಿ ಇಟ್ಟುಕೊಂಡವಳು. ಪೇಟೆಯ ಅರ್ಧ ಜನರ ರೇಷನ್ ಕಾರ್ಡು, ಪಾಸ್‌ಪೋರ್ಟು, ಪಹಣಿ ಅವಳ ಕೈಯಿಂದಲೇ ಹಾದುಹೋಗುತ್ತಿದ್ದವು. ಯಾವ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕೆಂದು ಕೆಲವು ಕಚೇರಿಯವರೇ ಅವಳನ್ನು ಫೋನಿನಲ್ಲಿ ಕೇಳುವುದಿತ್ತು. ಮೂವತ್ತಮೂರಕ್ಕೆ ಅವಳ ಎರಡೂ ಕಿಡ್ನಿಗಳು ರಾಜೀನಾಮೆ ಕೊಟ್ಟವು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಉಳಿದ ದಿನಗಳಲ್ಲಿ ಅಂಗಡಿ. ದಿನವಿಡೀ ಕುಡಿಯಲು ಅಳೆದಿಟ್ಟ ಅರ್ಧ ಬಾಟಲಿ ನೀರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವಳು ಐಸಿನ ತುಂಡೊಂದನ್ನು ಬಾಯಲ್ಲಿಟ್ಟುಕೊಂಡು ಆಧಾರ್ ತಿದ್ದುಪಡಿಯ ಅರ್ಜಿ ಟೈಪ್ ಮಾಡುತ್ತಿದ್ದುದನ್ನು ನಾನು ಎದುರಿನ ಸ್ಟೂಲಿನಲ್ಲಿ ಕುಳಿತು ನೋಡಿದ್ದೇನೆ.

ನೋಡಲು ಬಂದ ನೆಂಟರು ಬೊಂಡ, ಅಂದರೆ ಎಳನೀರು, ತಂದರು. ನಮ್ಮ ಕಡೆ ಜ್ವರಕ್ಕೂ ಬೊಂಡ, ಹೆರಿಗೆಗೂ ಬೊಂಡ, ಸಾಯುವವರ ಬಾಯಿಗೂ ಬೊಂಡದ ನೀರು. ಕಿಡ್ನಿ ಹೋದವರಿಗೆ ಅದರಲ್ಲಿರುವ ಪೊಟ್ಯಾಶಿಯಂ ವಿಷಕ್ಕೆ ಸಮ, ಹೃದಯವೇ ನಿಲ್ಲಬಹುದು ಎಂದು ನಾನು ಹೇಳಿದೆ.

"ಡಾಕ್ಟ್ರುಗಳು ಹಾಗೆಯೇ ಹೇಳುವುದು ಮಾರಾಯ. ಇದು ಕೆಂದಾಳಿ ಬೊಂಡ, ನಮ್ಮದೇ ಹಿತ್ತಿಲಿನದ್ದು, ಮದ್ದು ಬಿಟ್ಟದ್ದಲ್ಲ," ಎಂದರು ಒಬ್ಬರು. ಸಾವಯವ ಸಾವು. ನಾನು ಕತ್ತಿ ಕೇಳಿ, ಅವರ ಎದುರಿನಲ್ಲೇ ತಂದಿದ್ದ ಎರಡು ಬೊಂಡವನ್ನೂ ಕೆತ್ತಿ ಕುಡಿದು, ತುಂಬಾ ಸಿಹಿಯುಂಟು ಎಂದು ಹೇಳಿ ಕಳುಹಿಸಿದೆ.

ಅವಳಿಗೆ ಒಡಹುಟ್ಟಿದವರಿಲ್ಲ. ಗಂಡನ ರಕ್ತದ ಗುಂಪು ಬೇರೆ. ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅಮ್ಮ, ಅಂದರೆ ನನ್ನ ತಂಗಿ, ತೀರಿಕೊಂಡು ಆರು ವರ್ಷವಾಗಿತ್ತು. ಸತ್ತವರ ಕಿಡ್ನಿಗಾಗಿ ಹೆಸರು ನೋಂದಾಯಿಸಿ ಕಾಯಬಹುದು. ಆ ಸಾಲು ಮುಂದಕ್ಕೆ ಹೋಗುವುದು ಕಣ್ಣಿಗೆ ಕಾಣಿಸುವುದಿಲ್ಲ ಎಂದರು ಡಾಕ್ಟರು. ನಾನು ಪರೀಕ್ಷೆ ಮಾಡಿಸಿಕೊಂಡೆ. ನಿವೃತ್ತ ಮಾಸ್ತರನ ಒಳಾಂಗಗಳು ಇಷ್ಟು ಅಚ್ಚುಕಟ್ಟಾಗಿರುವುದನ್ನು ಕಂಡು ಅವರಿಗೇ ಆಶ್ಚರ್ಯ. "ಒಂದರಲ್ಲಿ ನೀವು ಆರಾಮವಾಗಿ ಬದುಕಬಹುದು. ರಕ್ತ ಒಪ್ಪಿದೆ, ಇನ್ನು ಕಾಗದ ಒಪ್ಪಬೇಕು," ಎಂದರು.

ಆ ಪರೀಕ್ಷೆಗಳ ದಿನ ನನ್ನ ಹೆಂಡತಿ ಜೊತೆಗೆ ಬಂದಿದ್ದಳು. ನರ್ಸಮ್ಮ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿ ಅವಳಿಗೆ, "ಕೊಡುವವರು ನೀವಲ್ವಾ ಅಮ್ಮ? ಬನ್ನಿ," ಎಂದರು. ಅವರದ್ದು ತಪ್ಪಲ್ಲ. ಆ ಬೆಂಚಿನಲ್ಲಿ ಕೊಡಲು ಕುಳಿತವರೆಲ್ಲ ಹೆಂಗಸರು: ತಾಯಂದಿರು, ಹೆಂಡತಿಯರು, ಒಬ್ಬಳು ಅಕ್ಕ. ತೆಗೆದುಕೊಳ್ಳುವವರು ಹೆಚ್ಚಾಗಿ ಗಂಡಸರು.

ಹೆಂಡತಿ ಎದ್ದು ನಿಂತು, "ನಾನಲ್ಲ. ಇವರು," ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ, "ಮೂವತ್ತು ವರ್ಷದಲ್ಲಿ ಮೊದಲ ಸಲ ನಿಮ್ಮ ಸರದಿ ಬಂತು. ಹೋಗಿ," ಎಂದಳು. ಹೆಂಡತಿಯ ಒಪ್ಪಿಗೆ ಪತ್ರ ಬೇಕಿತ್ತು. ಅವಳು ಕನ್ನಡಕ ಹಾಕಿ ಮೂರು ಪುಟವನ್ನೂ ಓದಿದಳು, ಒಂದು ಕಡೆ ನನ್ನ ವಯಸ್ಸು ತಪ್ಪಿದ್ದನ್ನು ತಿದ್ದಿಸಿದಳು, ಸಹಿ ಹಾಕಿದಳು.

ಊರಿನವರಿಗೆ ಅಷ್ಟು ಸುಲಭವಾಗಲಿಲ್ಲ. ನಾನಿರುವ ಬೆಳುವಾಯಿಯ ಹೋಟೆಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಲೆಕ್ಕದಲ್ಲಿ ಯಾವತ್ತೂ ಹಿಂದೆ ಬಿದ್ದವನು, ಚಹಾ ತಣಿಸುತ್ತಾ ಕೇಳಿದ: "ಮಾಸ್ಟ್ರೇ, ಎಷ್ಟಕ್ಕೆ ಮಾತಾದದ್ದು?" ಇನ್ನೊಬ್ಬರು, "ಗಂಡುಮಗ ಆಗಿದ್ದರೆ ಬೇರೆ ಮಾತು. ಇದು ಮದುವೆಯಾಗಿ ಹೋದ ಹುಡುಗಿ," ಎಂದು ತೀರ್ಪು ಕೊಟ್ಟರು. ನಮ್ಮ ಇಡೀ ಕುಟುಂಬ ಹೆಣ್ಣಿನ ಬಸಿರಿನಿಂದ ಲೆಕ್ಕ ಹಿಡಿಯುತ್ತದೆಂದು ವೇದಿಕೆಗಳಲ್ಲಿ ಭಾಷಣ ಮಾಡುವ ಮನುಷ್ಯ ಅವರು.

ಈಗ ಕಾಗದದ ಕತೆ. ನನ್ನನ್ನು ಶಾಲೆಗೆ ಸೇರಿಸಿದ್ದು ನನ್ನ ದೊಡ್ಡ ಸೋದರಮಾವ. ರಿಜಿಸ್ಟರಿನಲ್ಲಿ ತಂದೆ ಅಥವಾ ಪೋಷಕರ ಹೆಸರು ಎಂದಿದ್ದ ಕಡೆ ಅವರು ಗಂಭೀರವಾಗಿ ತಮ್ಮದೇ ಹೆಸರು ಹೇಳಿದರು. ಅಪ್ಪ ಅದನ್ನು ಆಕ್ಷೇಪಿಸಲಿಲ್ಲ, ಅತಿಥಿಗಳು ಆಕ್ಷೇಪಿಸುವುದಿಲ್ಲ. ಅದೇ ಹೆಸರು ಎಸ್ಸೆಸ್ಸೆಲ್ಸಿಯಿಂದ ಆಧಾರಿನವರೆಗೆ ನನ್ನ ತಂದೆಯಾಗಿ ಬಂತು. ಮೂರು ವರ್ಷದ ಮೇಲೆ ತಂಗಿಯನ್ನು ಸೇರಿಸುವಾಗ ಮಾವ ಮುಂಬಯಿಗೆ ಹೋಗಿದ್ದರು. ಅವಳನ್ನು ಕರೆದುಕೊಂಡು ಹೋದದ್ದು ಅಪ್ಪ, ಬರೆಸಿದ್ದು ಅಪ್ಪನ ಹೆಸರು. ಹೀಗಾಗಿ ಒಂದೇ ಬಸಿರಿನಲ್ಲಿ ಹುಟ್ಟಿ ಒಂದೇ ಚಾಪೆಯಲ್ಲಿ ಮಲಗಿದ ನಾವಿಬ್ಬರು ಸರಕಾರದ ಪ್ರಕಾರ ಬೇರೆ ಬೇರೆ ತಂದೆಯರ ಮಕ್ಕಳು. ಇಬ್ಬರೂ ಹುಟ್ಟಿದ್ದು ಮನೆಯಲ್ಲಿ, ಜನನ ಪತ್ರ ಇಲ್ಲ. ಅವಳು ನನ್ನ ತಂಗಿ ಎನ್ನುವುದಕ್ಕೆ ನನ್ನದರಂತೆಯೇ ಇದ್ದ ಅವಳ ಮೂಗಿನ ಹೊರತು ಬೇರೆ ಸಾಕ್ಷಿಯಿರಲಿಲ್ಲ, ಅದನ್ನೂ ಸುಟ್ಟಾಗಿತ್ತು.

ವಂಶವೃಕ್ಷ ಕೊಡುವ ಗ್ರಾಮದ ಅಧಿಕಾರಿ ಒಳ್ಳೆಯವರೇ. "ಕುಟುಂಬದ ಹಿರಿಯರೊಬ್ಬರ ಹೇಳಿಕೆ ತನ್ನಿ ಮಾಸ್ಟ್ರೇ. ಏನಾದರೂ ಹಳೆಯ ಬರಹ ಇದ್ದರೆ ಅದನ್ನೂ ತನ್ನಿ. ನಾನು ಮಹಜರು ಮಾಡಿ ಕೊಡ್ತೇನೆ," ಎಂದರು.

ಹಳೆಯ ಬರಹ ಇತ್ತು. ನರಿಕೊಂಬಿನಲ್ಲಿ ಹೊಳೆಯ ಬದಿಯಲ್ಲಿರುವ ನಮ್ಮ ಕುಟುಂಬದ ಮನೆಯಲ್ಲಿ ರಟ್ಟಿನ ಹೊದಿಕೆಯ ಒಂದು ಉದ್ದದ ಪುಸ್ತಕವಿದೆ. ಅದರಲ್ಲಿ ಯಾವ ತಾಯಿಗೆ ಯಾವ ಮಕ್ಕಳು ಎಂದು ನಾಲ್ಕು ತಲೆಮಾರು ಬರೆದಿದೆ. ವರ್ಷಕ್ಕೊಮ್ಮೆ ದೈವದ ಸೇವೆಗೆ ಕುಟುಂಬ ಸೇರುವಾಗ ಆಮಂತ್ರಣ ಹೋಗುವುದು ಆ ಪುಸ್ತಕ ನೋಡಿ. ತಂಗಿಯ ಹೆಸರು ಅದರಲ್ಲಿತ್ತು. ಅವಳು ಬೇರೆ ಜಾತಿಯ ಸೈಕಲ್ ರಿಪೇರಿಯವನನ್ನು ಮದುವೆಯಾದಾಗ ಅದನ್ನು ಹೊಡೆದುಹಾಕಲಾಯಿತು.

ಹೊಡೆದುಹಾಕಲಾಯಿತು ಎಂದು ಬರೆದರೆ ಯಾರು ಎಂದು ಹೇಳಬೇಕಾಗಿಲ್ಲ. ಕಚೇರಿ ಕನ್ನಡದ ಉಪಕಾರ ಅದು. ಹೊಡೆದವನು ನಾನು. ಆಗ ನನಗೆ ಇಪ್ಪತ್ತಮೂರು. ಅಕ್ಷರ ಚಂದ ಎಂಬ ಕಾರಣಕ್ಕೆ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಿರಿಯರು ಹೇಳಿದರು, ನಾನು ಅಡಿಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ ಓರೆಯಾಗದಂತೆ ಗೆರೆ ಎಳೆದೆ. ಪಕ್ಕದಲ್ಲಿ ದಿನ, ತಿಂಗಳು ಬರೆದು ಕಿರುಸಹಿ ಹಾಕಿದೆ. ಅಮ್ಮ ಒಳಗೆ ಕೆಸುವಿನೆಲೆಯ ಪತ್ರೊಡೆ ಬೇಯಿಸುತ್ತಿದ್ದಳು. ಗೆರೆ ಎಳೆದಾದ ಮೇಲೆ ನಾನು ನಾಲ್ಕು ತುಂಡು ತಿಂದೆ.

ನಮ್ಮ ಅಮ್ಮ ತೀರಿಕೊಂಡ ಮೇಲೆ ನಾನೇ ಮಡಂತ್ಯಾರಿನ ತಂಗಿಯ ಮನೆಗೆ ಹೋಗತೊಡಗಿದೆ. ತಂಗಿ ಚಹಾ ಕೊಟ್ಟಳು. ಪುಸ್ತಕದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆಸರು ಹೋದದ್ದು ಮಗಳಿಗೆ ಗೊತ್ತಿತ್ತು. ಪೆನ್ನು ಯಾರದ್ದೆಂದು ತಂಗಿ ಹೇಳಿರಲಿಲ್ಲ.

ಜೂನ್ ಮೊದಲ ವಾರ ಡಯಾಲಿಸಿಸ್‌ಗೆಂದು ತಂಗಿಯ ಮಗಳ ಕೈಯಲ್ಲಿ ಮಾಡಿದ್ದ ನಾಳ ಕಟ್ಟಿಹೋಯಿತು. ಕುತ್ತಿಗೆಗೆ ಕೊಳವೆ ಹಾಕಿದರು. ಇನ್ನು ತಡಮಾಡಬೇಡಿ, ಸೋಂಕಾದರೆ ನಮ್ಮ ಕೈಯಲ್ಲಿಲ್ಲ ಎಂದರು ಡಾಕ್ಟರು. ಮರುದಿನವೇ ನಾನು ನರಿಕೊಂಬಿಗೆ ಹೋದೆ.

ಈಗಿನ ಯಜಮಾನರು ಅಮ್ಮನ ಕೊನೆಯ ತಮ್ಮ. ಎಂಬತ್ತನಾಲ್ಕು ವರ್ಷ, ಕಿವಿ ಚುರುಕು, ನೆನಪು ತಮಗೆ ಬೇಕಾದಷ್ಟು. ನಾನು ಎಲ್ಲವನ್ನೂ ಹೇಳಿದೆ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದ ಅಂಗಿ ತೊಡಿಸಿದ್ದೇನೆ.

"ಕೊಡುವುದು ಬೇಡ ಅಂತ ನಾನು ಹೇಳುವುದಿಲ್ಲ," ಎಂದರು ಅವರು. "ಆದರೆ ಹೆಸರು ಪುನಃ ಸೇರಿಸುವುದೆಂದರೆ ದೈವದ ಅಪ್ಪಣೆ ಬೇಕಲ್ಲ? ಪತ್ತನಾಜೆ ಆಗಿ ಎರಡು ವಾರ ಆಯಿತು ಮಾರಾಯ."

ಪತ್ತನಾಜೆ ಎಂದರೆ ಮೇ ಕೊನೆಯಲ್ಲಿ ಬರುವ ಒಂದು ದಿನ. ಅಲ್ಲಿಗೆ ನೇಮ, ಕೋಲ, ದೈವ ಮೈಮೇಲೆ ಬಂದು ನುಡಿಯುವ ದರ್ಶನ ಎಲ್ಲ ಮುಗಿಯುತ್ತವೆ. ದೈವಗಳು ಕಾಲಿನ ಗಗ್ಗರ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ಮಳೆಗಾಲ ಕಳೆದು, ದೀಪಾವಳಿಯ ಹೊತ್ತಿಗೆ.

"ಹಾಗಾದರೆ?"

"ದೀಪಾವಳಿ ಕಳೆಯಲಿ. ದರ್ಶನದಲ್ಲಿ ಕೇಳುವ. ಅಪ್ಪಣೆ ಆದರೆ ನಾನೇ ಸಹಿ ಹಾಕ್ತೇನೆ."

"ಮಾವ, ಅವಳ ಕುತ್ತಿಗೆಯಲ್ಲಿ ಕೊಳವೆ ಉಂಟು. ಕಿಡ್ನಿಗೆ ಪತ್ತನಾಜೆ ಇಲ್ಲ."

"ಸಿಟ್ಟು ಮಾಡಬೇಡ. ಕ್ರಮ ಅಂತ ಒಂದುಂಟು."

ನಾನು ಸಿಟ್ಟು ಮಾಡಿದೆ. ಮೂವತ್ತು ವರ್ಷ ಮಕ್ಕಳಿಗೆ ಸಿಟ್ಟು ಮಾಡಬಾರದೆಂದು ಕಲಿಸಿದವನು, ಆ ಜಗಲಿಯಲ್ಲಿ ನಿಂತು ನನಗೆ ಗೊತ್ತಿದ್ದ ಎರಡೂ ಭಾಷೆಗಳಲ್ಲಿ ಸಿಟ್ಟು ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಯಜಮಾನರು ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಮಳೆ ನೋಡುತ್ತಾ ಕುಳಿತಿದ್ದರು. ನನ್ನ ಮಾತು ಅವರಿಗೆ ಆ ವರ್ಷದ ಮುಂಗಾರಿನ ಒಂದು ಭಾಗವಾಗಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಸಿಟ್ಟಲ್ಲ, ಗುಮಾಸ್ತಿಕೆ. ಒಳಗೆ ಹೋಗಿ ಪುಸ್ತಕ ತಂದೆ. ಆ ಪುಟ ತೆರೆದು ಅವರ ಮಡಿಲಲ್ಲಿಟ್ಟೆ.

"ಓದಿ ಮಾವ. ಗೆರೆಯ ಪಕ್ಕದಲ್ಲಿ ಬರೆದದ್ದು ಯಾವ ತಿಂಗಳು?"

ಅವರು ಪುಸ್ತಕವನ್ನು ದೂರ ಹಿಡಿದು ನೋಡಿದರು. "ಆಟಿ."

"ಆಟಿ ತಿಂಗಳು. ಪತ್ತನಾಜೆ ಆಗಿ ಎರಡು ತಿಂಗಳ ಮೇಲೆ. ಆವತ್ತು ದರ್ಶನ ಇತ್ತಾ?"

ಅವರು ಪುಸ್ತಕ ಮುಚ್ಚಹೋದರು, ನಾನು ಪುಟದ ಮೇಲೆ ಕೈಯಿಟ್ಟೆ.

"ಅಪ್ಪಣೆ ಯಾರು ಕೊಟ್ಟದ್ದು? ಇದೇ ಜಗಲಿಯಲ್ಲಿ ನೀವು ಮೂವರು ಕುಳಿತಿದ್ದಿರಿ. ದೈವ ಇರಲಿಲ್ಲ. ಪತ್ರೊಡೆ ಇತ್ತು. ಹೊಡೆಯುವಾಗ ಬೇಡದ ದೈವ ಸೇರಿಸುವಾಗ ಮಾತ್ರ ಯಾಕೆ ಬೇಕು?"

ಅವರು ಆ ಕಿರುಸಹಿಯನ್ನು ನೋಡಿದರು. "ನೀನು ಸಣ್ಣದಿರುವಾಗಲೇ ಭಾರಿ ಅಚ್ಚುಕಟ್ಟು," ಎಂದರು. ಹೊಗಳಿಕೆಯೋ ಶಾಪವೋ ಗೊತ್ತಾಗಲಿಲ್ಲ. ಆಮೇಲೆ, "ಪೆನ್ನು ಕೊಡು," ಎಂದರು.

ಕೆಂಪು ಗೆರೆಯ ಕೆಳಗೆ ನಾನು ತಂಗಿಯ ಹೆಸರನ್ನು, ಅದರ ಕೆಳಗೆ ಮಗಳ ಹೆಸರನ್ನು ಬರೆದೆ. ಯಜಮಾನರು ಪಕ್ಕದಲ್ಲಿ ನಡುಗುವ ಸಹಿ ಹಾಕಿದರು. ಹೇಳಿಕೆಗೂ ಹಾಕಿದರು. ಐದು ನಿಮಿಷದ ಕೆಲಸ. ಮೂವತ್ತೈದು ವರ್ಷ ಹಿಡಿದಿತ್ತು.

ಇಷ್ಟಾದ ಮೇಲೆ ಗೆದ್ದ ಹುಮ್ಮಸ್ಸಿನಲ್ಲಿ ನಾನು ಮಾಡಿದ್ದು ಶುದ್ಧ ಪೆದ್ದತನ. ಪುಸ್ತಕವನ್ನು ಜೆರಾಕ್ಸ್ ಮಾಡಿಸಲು ನೇರ ಮಡಂತ್ಯಾರಿಗೆ ಒಯ್ದೆ. ದಾರಿಯ ಬಂಟ್ವಾಳ ಪೇಟೆಯಲ್ಲೇ ಹತ್ತು ಜೆರಾಕ್ಸ್ ಅಂಗಡಿಗಳಿವೆ. ನಾನು ಒಯ್ದದ್ದು ಅವಳ ಅಂಗಡಿಗೆ.

ಅವಳು ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಹಾಕುವ ಮೊದಲು ಒಮ್ಮೆ ಓದಿದಳು. ದಿನಕ್ಕೆ ನೂರು ಜನರ ಕೈಬರಹ ನೋಡುವವಳು. ಅವಳು ಚಿಕ್ಕವಳಿದ್ದಾಗ ಪ್ರತಿ ಜೂನಿನಲ್ಲಿ ಅವಳ ಪುಸ್ತಕಗಳಿಗೆ ರಟ್ಟು ಹಾಕಿ ಲೇಬಲಿನಲ್ಲಿ ಹೆಸರು ಬರೆದುಕೊಡುತ್ತಿದ್ದವನು ನಾನು. ಕೆಂಪು ಗೆರೆಯ ಪಕ್ಕದ ಅಕ್ಷರಗಳ ಮೇಲೆ ಅವಳ ಬೆರಳು ನಿಂತಿತು. ಮೆಷಿನಿನ ಹಸಿರು ದೀಪ ಉರಿಯುತ್ತಲೇ ಇತ್ತು.

"ಎಷ್ಟು ಕಾಪಿ ಬೇಕು?" ಎಂದಳು. ಯಾವಾಗಲೂ ಕೊನೆಗೆ ಬರುವ 'ಮಾವ' ಈ ಸಲ ಬರಲಿಲ್ಲ.

"ನಾಲ್ಕು."

ಅವಳು ಐದು ತೆಗೆದಳು. ನಾಲ್ಕು ನನಗೆ ಕೊಟ್ಟು ಒಂದನ್ನು ಮೇಜಿನ ಒಳಗಿಟ್ಟಳು.

ಆಮೇಲೆ ಒಂಬತ್ತು ದಿನ ಅವಳು ನನ್ನ ಫೋನು ಎತ್ತಲಿಲ್ಲ. ಸಮಿತಿಗೆ ಕಳುಹಿಸುವ ಫೈಲಿಗೆ ಅವಳ ಸಹಿಯೊಂದು ಬಾಕಿ. ಒಂಬತ್ತು ದಿನವೆಂದರೆ ನಾಲ್ಕು ಡಯಾಲಿಸಿಸ್. ಊರಿನವರನ್ನು, ನೆಂಟರನ್ನು, ಯಜಮಾನರನ್ನು ಬಯ್ದು ಬಯ್ದು ಹದಗೊಂಡಿದ್ದ ನನ್ನ ನಾಲಿಗೆಗೆ ಆ ದಿನಗಳಲ್ಲಿ ಬಯ್ಯಲು ಸಿಕ್ಕಿದ್ದು ನಾನೊಬ್ಬನೇ. ಹೆಂಡತಿ ನೋಡುವಷ್ಟು ನೋಡಿ, "ಇಲ್ಲಿ ಕುಳಿತು ಗೋಡೆಗೆ ಬಯ್ದರೆ ಸಹಿ ಬರುವುದಿಲ್ಲ. ಏಳಿ, ಹೋಗುವ," ಎಂದಳು. ಇಬ್ಬರೂ ಹೋದೆವು.

ಅಂಗಡಿಯಲ್ಲಿ ಜನರಿರಲಿಲ್ಲ. ಕುತ್ತಿಗೆಯ ಬ್ಯಾಂಡೇಜು ಕಾಣದಂತೆ ಅವಳು ಶಾಲು ಹೊದ್ದಿದ್ದಳು. ನಾನು ಕ್ಷಮೆಯ ಭಾಷಣವನ್ನು ಬಸ್ಸಿನಲ್ಲೇ ಸಿದ್ಧಪಡಿಸಿದ್ದೆ. ಪೀಠಿಕೆ ಮುಗಿಯುವ ಮೊದಲೇ ಅವಳು ಕೈ ತೋರಿಸಿ ನಿಲ್ಲಿಸಿದಳು.

"ಒಂದು ಕೇಳ್ತೇನೆ. ಗೆರೆ ಎಳೆದದ್ದಕ್ಕಾ ನೀವು ಕಿಡ್ನಿ ಕೊಡುವುದು?"

"ಗೊತ್ತಿಲ್ಲ," ಎಂದೆ. ಅದು ನಿಜವಾಗಿತ್ತು.

"ಹಾಗಾದರೆ ತಿಳ್ಕೊಂಡು ಬನ್ನಿ. ಲೆಕ್ಕ ಚುಕ್ತಾ ಮಾಡ್ಲಿಕ್ಕೆ ಕೊಡುವ ಕಿಡ್ನಿ ನನಗೆ ಬೇಡ. ಜೀವಮಾನವಿಡೀ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮಗೆ ರಶೀದಿ ಕೊಡ್ತಾ ಇರ್ಲಿಕ್ಕೆ ಆಗುವುದಿಲ್ಲ."

ಹೆಂಡತಿ ಮೆಲ್ಲನೆ, "ಸಾಯುವುದಾ ಹಾಗಾದರೆ?" ಎಂದಳು.

"ಸಾಯುವುದಿಲ್ಲ ಅತ್ತೆ. ಯಾಕೆ ಸಾಯಬೇಕು?" ಅವಳು ಫೈಲನ್ನು ಎಳೆದುಕೊಂಡಳು. "ಕಿಡ್ನಿ ನನಗೆ ಬೇಕು. ತಕೊಳ್ತೇನೆ. ಅಮ್ಮನ ವಿಷಯ ಬೇರೆ. ಅದು ಬೇರೆ ಕೌಂಟರ್ ಮಾವ. ಇದರ ಕಾಗದ ತೋರಿಸಿ ಅಲ್ಲಿ ಕೆಲಸ ಮಾಡಿಸ್ಲಿಕ್ಕೆ ಆಗುವುದಿಲ್ಲ."

ಹೀಗೆ ಹೇಳಿ, ಸಹಿ ಹಾಕಿ, ನಾನು ಬೇರೆ ಕಡೆ ಮಾಡಿಸಿದ್ದ ಒಂದು ಜೆರಾಕ್ಸ್ ಮಸುಕಾಗಿದೆಯೆಂದು ಹರಿದು ಹಾಕಿ ಹೊಸದು ತೆಗೆದು ಲಗತ್ತಿಸಿದಳು.

ಸಮಿತಿಯಲ್ಲಿ ಐದು ಜನ, ಒಂದು ಕ್ಯಾಮೆರಾ. ನನ್ನ ಹೆಂಡತಿಯನ್ನು ಬೇರೆ, ತಂಗಿಯ ಮಗಳನ್ನು ಬೇರೆ, ನನ್ನನ್ನು ಬೇರೆ ಕರೆದು ಕೇಳಿದರು. ಯಾಕೆ ಕೊಡುತ್ತೀರಿ ಎಂಬ ಪ್ರಶ್ನೆಗೆ ನಾನು ಎರಡು ಪುಟದ ಉತ್ತರ ಬರೆದುಕೊಂಡು ಹೋಗಿದ್ದೆ. ಅಧ್ಯಕ್ಷರು, "ಓದಬೇಡಿ, ಹೇಳಿ," ಎಂದರು.

ನಾನು ಹಾಳೆ ಮಡಚಿದೆ. "ಅವಳ ಅಮ್ಮನ ಹೆಸರು ಹೊಡೆದವನು ನಾನು. ಆದರೆ ಅದಕ್ಕೆ ಕೊಡುವುದಲ್ಲ, ಅದು ಬೇರೆ ಕೌಂಟರ್. ಅವಳಿಗೆ ನೀರು ಕುಡಿಯಲಿಕ್ಕೆ ಆಗುವುದಿಲ್ಲ ಸರ್. ನನ್ನ ಹತ್ತಿರ ಎರಡುಂಟು. ಒಂದು ಸಾಕು ಅಂತ ಡಾಕ್ಟ್ರು ಹೇಳಿದ್ದಾರೆ." ಅವರು ಏನೋ ಬರೆದುಕೊಂಡರು. ಹತ್ತು ದಿನದಲ್ಲಿ ಒಪ್ಪಿಗೆ ಬಂತು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಆ ಹೊತ್ತು ನಾನು ಮಲಗಿದ್ದೆ. ಎಚ್ಚರವಾದಾಗ ನೋವಿತ್ತು. ಭುಜ ಕೂಡ ಯಾಕೆ ನೋಯುತ್ತದೆಂದು ಕೇಳಿದೆ. ಹೊಟ್ಟೆಯೊಳಗೆ ತುಂಬಿದ ಗಾಳಿಯಿಂದ ಎಂದರು. ಐದನೇ ದಿನ ಮನೆಗೆ ಬಂದೆ. ಮೂರು ತಿಂಗಳು ಭಾರ ಎತ್ತಬಾರದೆಂದರು. ಹೆಂಡತಿ ಅದನ್ನು ನಂಬದೆ ಡಾಕ್ಟರರಿಂದ ಬರೆಸಿಕೊಂಡಳು. ಕೊಟ್ಟ ಕಿಡ್ನಿ ಆಪರೇಷನ್ ಮೇಜಿನ ಮೇಲೆಯೇ ಮೂತ್ರ ಸುರಿಸಲು ಶುರುಮಾಡಿತಂತೆ. ನಮ್ಮ ಕುಟುಂಬದಲ್ಲಿ ಯಾರೂ ಯಾವ ಕೆಲಸವನ್ನೂ ಅಷ್ಟು ಬೇಗ ಶುರುಮಾಡಿದ ದಾಖಲೆಯಿಲ್ಲ.

ಈಗ ನನ್ನ ಎಡಗಡೆಯ ಕಿಡ್ನಿ ಮಡಂತ್ಯಾರಿನಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಿದೆ. ಅವಳ ಮೇಜಿನ ಮೇಲೆ ಎರಡು ಲೀಟರಿನ ಬಾಟಲಿ. ಗಂಟೆಗೊಮ್ಮೆ ಎತ್ತಿ, ಯಾರಿಗೂ ಹೇಳದೆ, ಗಟಗಟ ಕುಡಿಯುತ್ತಾಳೆ. ನಾನು ವಾರಕ್ಕೊಮ್ಮೆ ಹೋಗಿ ಆ ಸ್ಟೂಲಿನಲ್ಲಿ ಕುಳಿತು ನೋಡುತ್ತೇನೆ. ಐದನೆಯ ಕಾಪಿಯನ್ನು ಅವಳು ಲ್ಯಾಮಿನೇಟ್ ಮಾಡಿ ಗೋಡೆಗೆ ಹಾಕಿದ್ದಾಳೆ. ಜೆರಾಕ್ಸಿನಲ್ಲಿ ಕೆಂಪು ಗೆರೆಯೂ ಕಪ್ಪಾಗಿಯೇ ಬಂದಿದೆ. ಅದು ಇರುವುದು ನಾನು ಕುಳಿತುಕೊಳ್ಳುವ ಸ್ಟೂಲಿನ ಎದುರಿಗೆ. ಬೇಕೆಂದೇ ಹಾಗೆ ಹಾಕಿದ್ದಾ ಎಂದು ಕೇಳಿದೆ. ಹೌದು ಎಂದಳು.

ದೀಪಾವಳಿ ಕಳೆದ ಮೇಲೆ ಯಜಮಾನರ ಫೋನು ಬಂತು.

"ಈ ಸಲ ಕುಟುಂಬ ಸೇರುವಾಗ ನಿನಗೊಂದು ಸನ್ಮಾನ ಮಾಡುವ ಅಂತ ಉಂಟು. ಶಾಲು, ಹಣ್ಣು, ಸನ್ಮಾನ ಪತ್ರ."

"ತಂಗಿಯ ಹೆಸರು ಹೊಡೆದದ್ದರ ಬಗ್ಗೆ ಏನಾದರೂ ಹೇಳ್ತೀರಾ?"

"ಶುಭದ ದಿನ ಅದೆಲ್ಲ ಯಾಕೆ?"

"ಸನ್ಮಾನ ಪತ್ರ ಬರೆಯುವುದು ಯಾರು?"

"ನೀನೇ ಬರಿ ಮಾರಾಯ. ನಿನ್ನ ಅಕ್ಷರ ಚಂದ. ಅರ್ಧ ಪುಟ ಸಾಕು."

ಫೋನು ಇಟ್ಟೆ. ಆಗಲೇ ಬಸ್ಸು ಹಿಡಿದು ಮಡಂತ್ಯಾರಿಗೆ ಹೋಗಿ ಅವಳಿಗೆ ಹೇಳಿದೆ. ಬರೆಯುವುದಿಲ್ಲ, ಹೋಗುವುದಿಲ್ಲ, ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದೆಲ್ಲ ಹೇಳಿದೆ. ಅವಳು ಬಾಟಲಿ ಎತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡು, ಕಂಪ್ಯೂಟರಿನಲ್ಲಿ ಹೊಸ ಪುಟ ತೆರೆದಳು.

"ಯಾಕೆ ಬರೆಯುವುದಿಲ್ಲ? ಬರೆಯಿರಿ. ಆಟಿ ತಿಂಗಳಿಂದ ಶುರು ಮಾಡಿ, ಪತ್ರೊಡೆಯನ್ನೂ ಹಾಕಿ. ಡಿಟಿಪಿ ನಾನು ಮಾಡ್ತೇನೆ. ಅಲ್ಲಿ ನಿಂತು ಓದುವುದು ನೀವು."

"ಓದಿದರೆ ಆ ಇನ್ನೊಂದು ಕೌಂಟರ್ ತೆರೆಯುತ್ತದಾ?"

"ಮೊದಲು ಓದಿ. ಆಮೇಲೆ ನೋಡುವ," ಎಂದಳು.

ಯಜಮಾನರು ಅರ್ಧ ಪುಟ ಸಾಕು ಎಂದಿದ್ದರು. ಬರೆಯುತ್ತಾ ಹೋದಂತೆ ಸನ್ಮಾನ ಪತ್ರ ಇಷ್ಟಾಗಿದೆ.